ಊರವರೇ ಸೇರಿ ಶಾಲೆ ಕ್ಯಾಂಟೀನ್ ನಡೆಸಿದರೆ ಗಿಟ್ಟುತ್ತಾ?

ಪೋಷಕರು, ಸ್ವಸಹಾಯ ಸಂಘದ ಹೆಂಗಸರು ಸೇರಿ ಶಾಲೆ ಕ್ಯಾಂಟೀನ್ ವಹಿಸಿಕೊಂಡು, ನಮ್ಮ ಕಡೆಯ ಊಟವನ್ನೇ ಕಡಿಮೆ ಬೆಲೆಗೆ ಕೊಟ್ಟರೆ ನಷ್ಟ ಆಗಲ್ವಾ ಅಂತ ಕೇಳಿದ್ದೀರಿ. ಆಗದ ಹಾಗೆ ನಡೆಸಬಹುದು. ತಿಪಟೂರು ಕಡೆ ಒಂದೇ ಕಾಂಪೌಂಡಿನಲ್ಲಿರೋ ಖಾಸಗಿ ಹೈಸ್ಕೂಲು ಮತ್ತು ಪಿಯು ಕಾಲೇಜಿನ ಕ್ಯಾಂಟೀನು ನಮ್ಮ ಸಂಘದ್ದು. ಲೆಕ್ಕ ಬರೆಯೋಳು ನಾನು. ಹಾಗಾಗಿ ಅಡುಗೆಗಿಂತ ಲೆಕ್ಕದ ಮಾತೇ ಜಾಸ್ತಿ ಬಂದರೆ ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ವಿಷಯ. ನಿಮ್ಮದು ಸರ್ಕಾರಿ ಅಥವಾ ಅನುದಾನಿತ ಶಾಲೆಯಾದರೆ ಹತ್ತನೇ ತರಗತಿವರೆಗೆ ಬಿಸಿಯೂಟ ಇದ್ದೇ ಇರುತ್ತೆ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಕೈ ಹಾಕಬೇಡಿ. ಪುಕ್ಕಟೆ ಸಿಗೋ ಬಿಸಿ ಊಟದ ಪಕ್ಕದಲ್ಲಿ ದುಡ್ಡಿನ ಊಟ ಇಟ್ಟರೆ ನಿಮಗೂ ನಷ್ಟ, ಇದ್ದವರ ಮಕ್ಕಳು ಇತ್ತ, ಇಲ್ಲದವರ ಮಕ್ಕಳು ಅತ್ತ ಅಂತ ಎರಡು ಸಾಲೂ ಆಗುತ್ತೆ. ಬಿಸಿಯೂಟ ಇಲ್ಲದ್ದು ಅನುದಾನರಹಿತ ಶಾಲೆಗಳಿಗೆ ಮತ್ತು ಪಿಯು ಮಕ್ಕಳಿಗೆ. ಕ್ಯಾಂಟೀನ್ ನಿಜವಾಗಿ ಬೇಕಾಗಿರೋದು ಅಲ್ಲೇ.

ಇನ್ನು ನಷ್ಟದ ಮಾತು. ಸೊಪ್ಪು, ಕಾಳು ಹಾಕಿದ್ದಕ್ಕೆ ಯಾವ ಕ್ಯಾಂಟೀನೂ ಮುಳುಗಲ್ಲ, ಮುಳುಗೋದು ಉಳಿದ ಅನ್ನದಿಂದ. ನಮ್ಮಲ್ಲಿ ಮೊದಲ ಪಿರಿಯಡ್‌ನಲ್ಲಿ ಹಾಜರಿ ಕೂಗಿದ ಕೂಡಲೇ ಪ್ರತಿ ಕ್ಲಾಸಿನ ಲೀಡರ್ ಊಟಕ್ಕೆ ಎಷ್ಟು ಜನ ಅಂತ ಚೀಟಿ ಕಳಿಸಬೇಕು. ಚೀಟಿ ಬಂದ ಮೇಲೇ ಅಕ್ಕಿ ಅಳೆಯೋದು. ಸಾರಿನ ಕಾಳು ಬೆಳಿಗ್ಗೆಯೇ ಬೆಂದಿರುತ್ತೆ, ಅದು ಸ್ವಲ್ಪ ಹೆಚ್ಚು ಕಡಿಮೆ ಆದರೂ ನಡೆಯುತ್ತೆ. ಮುದ್ದೆ, ಅನ್ನ ಮಾತ್ರ ಎಣಿಕೆ ತಪ್ಪಬಾರದು. ಪರೀಕ್ಷೆ ದಿನ, ಜಾತ್ರೆ ದಿನ, ಮದುವೆ ಲಗ್ನ ಜಾಸ್ತಿ ಇರೋ ದಿನ ಎಣಿಕೆ ಎಷ್ಟು ಬೀಳುತ್ತೆ ಅಂತ ಒಂದು ವರ್ಷ ಬರೆದಿಡಿ, ಮುಂದಿನ ವರ್ಷ ಆ ಪುಸ್ತಕವೇ ನಿಮಗೆ ಬಂಡವಾಳ.

ಒಂದು ತಟ್ಟೆ ಮುದ್ದೆ ಊಟದ ಲೆಕ್ಕ ಹೇಳ್ತೀನಿ. ರಾಗಿಯ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ. ನಾವು ಸುತ್ತಲಿನ ರೈತರಿಗೆ ಅದೇ ಆಸುಪಾಸಿನ ಬೆಲೆ ಕೊಟ್ಟು ಕಣದಲ್ಲೇ ತಗೋತೀವಿ. ಅವರಿಗೂ ಬಾಡಿಗೆ ಇಲ್ಲ, ಕೈಮೇಲೆ ದುಡ್ಡು. ಕೇರಿಸಿ, ಮಿಲ್ಲು ಮಾಡಿಸೋ ಹೊತ್ತಿಗೆ ಕಿಲೋ ಹಿಟ್ಟು 55 ರೂಪಾಯಿ ಹತ್ತಿರ ಬೀಳುತ್ತೆ. ಒಂದು ಕಿಲೋ ಹಿಟ್ಟಿಗೆ ಹೈಸ್ಕೂಲ್ ಮಕ್ಕಳು ತಿನ್ನೋ ಗಾತ್ರದ 12 ಮುದ್ದೆ ಅಂದರೆ ಒಂದಕ್ಕೆ 5 ರೂಪಾಯಿ ಒಳಗೇ. ಹುರುಳಿ ಕಾಳು 4, ಸೊಪ್ಪು 2, ಖಾರ, ಎಣ್ಣೆ, ಕಾಯಿ ಎಲ್ಲ ಸೇರಿ 4, ಮಜ್ಜಿಗೆ 2, ಗ್ಯಾಸು 3, ಅಡುಗೆಯವರ ಕೂಲಿ 9. ಒಟ್ಟು 29. ಮಾರೋದು 35ಕ್ಕೆ. ಉಳಿದ ಆರು ರೂಪಾಯಿ ಲಾಭ ಅಂತ ಹಂಚಿಕೊಳ್ಳಬೇಡಿ, ಅದು ಎಲ್ಲಿಗೆ ಹೋಗುತ್ತೆ ಅಂತ ಕೊನೆಗೆ ಹೇಳ್ತೀನಿ. (ಕಾಯಿ ರೇಟು ಏರಿದ ಮೇಲೆ ತಿಪಟೂರಿನಲ್ಲಿದ್ದುಕೊಂಡೂ ನಾವು ತುರಿ ಅಳೆದು ಹಾಕೋ ಹಾಗಾಗಿದೆ. ಯಾರಿಗಾದರೂ ಹೇಳಿದರೆ ನಗ್ತಾರೆ.)

ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಊಟ ಅಂತ ದಿನಾ ಮುದ್ದೆ ಮಾಡೋಕೆ ಹೋಗಬೇಡಿ. ನಮ್ಮ ಮಕ್ಕಳು ರಾತ್ರಿ ಮನೆಯಲ್ಲಿ ಅದನ್ನೇ ಉಣ್ಣೋದು. ವಾರಕ್ಕೊಂದು ದಿನ ಬಸ್ಸಾರು ಮುದ್ದೆ ಸಾಕು, ಆ ದಿನ ಮಕ್ಕಳಿಗಿಂತ ಮೇಷ್ಟ್ರುಗಳದ್ದೇ ಸಾಲು. ರಾಗಿ ಹೊಟ್ಟೆಗೆ ಹೋಗಬೇಕು ಅಂದರೆ ರೂಪ ಬದಲಿಸಿ: ಈರುಳ್ಳಿ, ನುಗ್ಗೆಸೊಪ್ಪು ಹಾಕಿದ ರಾಗಿರೊಟ್ಟಿ, ರಾಗಿ ದೋಸೆ, ಬೇಸಿಗೆಯಲ್ಲಿ ಅಂಬಲಿ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಅಂತ ಗೋಡೆ ಮೇಲೆ ಬರೆಸಿದರೆ ಪೋಷಕರ ಸಭೆಗೆ ಚೆನ್ನಾಗಿರುತ್ತೆ. ಹದಿನೈದು ವರ್ಷದ ಹುಡುಗನಿಗೆ ರೊಟ್ಟಿ ಬಿಸಿ ಇದ್ದು ಚಟ್ನಿ ಖಾರ ಇರಬೇಕು, ಅಷ್ಟೇ. ಕಾಳಿನ ಉಸಲಿಗೆ ಬಡಿಸೋವಾಗ ನಿಂಬೆಹಣ್ಣು ಹಿಂಡಿ. ರುಚಿಯೂ ಆಯ್ತು, ಕಾಳಿನ ಕಬ್ಬಿಣ ಮೈಗೆ ಹತ್ತೋಕೂ ಅದು ಸಹಾಯ. ಟೀ ಅದಕ್ಕೆ ಅಡ್ಡ, ಅದಕ್ಕೇ ನಾವು ಮಕ್ಕಳಿಗೆ ಟೀ ಮಾರಲ್ಲ.

ಎಲ್ಲರೂ ಮಧ್ಯಾಹ್ನದ ಊಟದ ಬಗ್ಗೆಯೇ ಯೋಚನೆ ಮಾಡ್ತಾರೆ. ನನ್ನ ಕೇಳಿದರೆ ಬೆಳಿಗ್ಗೆಯ ಸಣ್ಣ ಬ್ರೇಕೇ ಮುಖ್ಯ. ಹಳ್ಳಿಯಿಂದ ಏಳೂವರೆ ಬಸ್ಸಿಗೆ ಬರೋ ಮಕ್ಕಳಲ್ಲಿ ಬಹಳ ಜನ, ಅದರಲ್ಲೂ ಹೆಣ್ಣುಮಕ್ಕಳು, ಒಂದು ಲೋಟ ಕಾಫಿ ಕುಡಿದು ಬಂದಿರ್ತಾರೆ. ಬ್ರೇಕು ಹತ್ತೇ ನಿಮಿಷ. ಅಷ್ಟರಲ್ಲಿ ಚಿಲ್ಲರೆ ಕೊಟ್ಟು, ತಟ್ಟೆ ಹಿಡಿದು, ಕೂತು ತಿನ್ನೋಕೆ ಆಗಲ್ಲ. ಆ ಹೊತ್ತಿಗೆ ಪಲ್ಯ ಸುತ್ತಿದ ರೊಟ್ಟಿ, ದೊನ್ನೆಯಲ್ಲಿ ಕಡಲೆ ಉಸಲಿ, ಬಾಳೆಹಣ್ಣು, ಶೇಂಗಾ ಚಿಕ್ಕಿ, ಎಲ್ಲ ಹತ್ತೇ ರೂಪಾಯಿ, ಎಲ್ಲಕ್ಕೂ ಕೂಪನ್. ವಾರದ ಕೂಪನ್ನು ಸೋಮವಾರವೇ ಮಾರಿಬಿಡ್ತೀವಿ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಕೊಡೋ ಶಕ್ತಿ ಇಲ್ಲದ ಮಕ್ಕಳ ಕೂಪನ್ನಿಗೆ ಹಳೇ ವಿದ್ಯಾರ್ಥಿಗಳು ದುಡ್ಡು ಕಟ್ತಾರೆ. ಕೂಪನ್ನಿನ ಬಣ್ಣ ಒಂದೇ, ಯಾರದು ದುಡ್ಡಿನದು, ಯಾರದು ಅಲ್ಲ ಅಂತ ಬಡಿಸೋರಿಗೂ ಗೊತ್ತಾಗಲ್ಲ. ಆ ಪಟ್ಟಿ ಹೆಡ್ ಮೇಡಂ ಹತ್ತಿರ ಮಾತ್ರ ಇರುತ್ತೆ. ಉದ್ರಿ ಪುಸ್ತಕ ಮಾತ್ರ ಇಡಲೇಬೇಡಿ, ಬಾಕಿ ಇರೋ ಹುಡುಗಿ ಕ್ಯಾಂಟೀನ್ ಕಡೆ ಬರೋದನ್ನೇ ಬಿಡ್ತಾಳೆ.

ಈಗ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ: ಅಡುಗೆ ಯಾರು ಮಾಡ್ತಾರೆ? ನಿಮ್ಮ ಊರಲ್ಲೂ ಬಂದೇ ಬರುತ್ತೆ. ನೇರವಾಗಿ ಕೇಳಲ್ಲ, "ಶುದ್ಧ ಇರುತ್ತಾ", "ಒಲೆ ಹತ್ತಿರ ಯಾರು ನಿಲ್ತಾರೆ" ಅಂತ ಸುತ್ತಿ ಬಳಸಿ ಕೇಳ್ತಾರೆ. ನಮ್ಮ ಸಂಘದಲ್ಲಿ ಎಲ್ಲ ಜಾತಿಯ ಹೆಂಗಸರೂ ಇದ್ದಾರೆ, ಒಲೆ ಕೆಲಸ, ಬಡಿಸೋದು, ಪಾತ್ರೆ ಎಲ್ಲ ಸರದಿಯಲ್ಲಿ ಬರುತ್ತೆ. ಸರದಿ ಬದಲಿಸಿ ಅಂತ ಯಾವ ಪೋಷಕರು ಬಂದರೂ ಬದಲಿಸಲ್ಲ ಅಂತ ಶುರುವಿಗೆ ಮುಂಚೆಯೇ ಆಡಳಿತ ಮಂಡಳಿಯಿಂದ ಬರಹದಲ್ಲಿ ತಗೊಂಡಿದ್ವಿ. ಒಂದೆರಡು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿಕೊಟ್ಟರು. ಕೊಡಲಿ. ರೊಟ್ಟಿ ವಾಸನೆ ಬಂದ ಮೇಲೆ ಆ ಡಬ್ಬಿ ಎಷ್ಟು ದಿನ ಬಂತು ಅಂತ ನಾನು ಎಣಿಸೋಕೆ ಹೋಗಲಿಲ್ಲ. ಈ ವಿಷಯದಲ್ಲಿ ಮೊದಲ ವಾರ ಜಗ್ಗಿದರೆ ಆಮೇಲೆ ಸರಿ ಮಾಡೋಕೆ ಆಗಲ್ಲ. ಮೊಟ್ಟೆಯ ಕಥೆ ಬೇರೆ, ಅದು ತಿನ್ನೋರ ಇಷ್ಟ. ಮೊಟ್ಟೆಗೆ ಬೇರೆ ಪಾತ್ರೆ, ಬೇರೆ ಸೌಟು, ತಿನ್ನದವರಿಗೆ ಬಾಳೆಹಣ್ಣು. ಜಗಳ ಅಲ್ಲಿಗೇ ಮುಗೀತು.

ಕಾಗದ ಪತ್ರ ಕಷ್ಟ ಇಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತೆ. ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿ. ಮನೆ ಸಿಲಿಂಡರ್ ತಂದು ಹಚ್ಚಬೇಡಿ, 19 ಕಿಲೋದ ವಾಣಿಜ್ಯ ಸಿಲಿಂಡರೇ ಆಗಬೇಕು. ಬಡಿಸೋಕೆ ಅರ್ಧ ಗಂಟೆ ಮುಂಚೆ ಒಬ್ಬ ಶಿಕ್ಷಕರು, ಒಬ್ಬ ಪೋಷಕರು ರುಚಿ ನೋಡಿ ಸಹಿ ಹಾಕೋ ಪುಸ್ತಕ ಇಡಿ, ಬಿಸಿಯೂಟದಿಂದ ಕಲಿತದ್ದು ಇದು.

ಪೈಪೋಟಿ ಇರೋದು ಗೇಟಿನಾಚೆಯ ಅಂಗಡಿ ಜೊತೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರೋ ತಿಂಡಿಯನ್ನು ಶಾಲೆ ಒಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅಂತ 2020ರ ಕೇಂದ್ರದ ನಿಯಮ ಇದೆ. ಅದನ್ನು ಹಿಡಿದು ಅಂಗಡಿಯವರ ಮೇಲೆ ಅರ್ಜಿ ಹಾಕೋಕೆ ಹೊರಟರೆ ಊರಲ್ಲಿ ವೈರ ಬೆಳೆಯುತ್ತೆ. ನಾವು ಬಾಳೆಹಣ್ಣು, ಚಿಕ್ಕಿ ಅವರಿಂದಲೇ ತರಿಸ್ತೀವಿ. ಪ್ಯಾಕೆಟ್ಟು ಇನ್ನೂ ಮಾರ್ತಾರೆ, ಮೊದಲಿನಷ್ಟು ಮುಂದೆ ತೂಗು ಹಾಕಲ್ಲ. ಮಕ್ಕಳು ಗೋಬಿ ಮಂಚೂರಿ ಕೇಳಿದರೆ ತಿಂಗಳಿಗೊಮ್ಮೆ ಮಾಡ್ತೀವಿ. ಅದಕ್ಕೆ ಹಾಕೋ ಕೃತಕ ಬಣ್ಣವನ್ನು ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದರೆ ಬಣ್ಣ ತಾನಾಗೇ ಬರುತ್ತೆ, ಖಾರವೂ ಹದವಾಗಿರುತ್ತೆ.

ಆ ಆರು ರೂಪಾಯಿಗೆ ಬರ್ತೀನಿ. ಏಪ್ರಿಲ್, ಮೇ, ದಸರಾ ರಜೆ ಬಂದರೆ ಒಲೆ ಆರುತ್ತೆ, ಅಡುಗೆಯವರ ಮನೆ ಖರ್ಚು ನಿಲ್ಲಲ್ಲ. ರಜೆ ತಿಂಗಳಲ್ಲಿ ಅರ್ಧ ಕೂಲಿ ಕೊಡೋಕೆ, ಪಾತ್ರೆ, ಗ್ರೈಂಡರ್ ರಿಪೇರಿಗೆ ಅದು ಬೇರೆ ಖಾತೆಗೆ ಹೋಗುತ್ತೆ. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಸಾರಿನಪುಡಿ ಮಾಡಿ ಮಾರ್ತೀವಿ, ಆ ಪುಡಿಯೇ ಜೂನ್‌ಗೆ ಕ್ಯಾಂಟೀನಿಗೂ ಆಗುತ್ತೆ. ಈ ಖಾತೆ ಇಲ್ಲದಿದ್ದರೆ ಕೈ ಪಳಗಿದ ಅಡುಗೆಯವರು ಗಾರ್ಮೆಂಟ್ಸ್‌ಗೆ ಹೋಗ್ತಾರೆ, ಜೂನ್‌ನಲ್ಲಿ ಹೊಸಬರಿಗೆ ಮೊದಲಿಂದ ಕಲಿಸಬೇಕು.

ನಿಮ್ಮಲ್ಲಿ ಮಕ್ಕಳು ಎಷ್ಟು, ಬಸ್ಸಲ್ಲಿ ಬರೋರು ಎಷ್ಟು, ನೀರು ಬೋರ್‌ವೆಲ್‌ದಾ ನಲ್ಲಿದಾ ಅಂತ ಬರೆದರೆ ಇನ್ನೂ ಸರಿಯಾಗಿ ಹೇಳಬಹುದು. ಸದ್ಯಕ್ಕೆ ಊಟಕ್ಕೆ ಹೋಗದೆ ಸಣ್ಣ ಬ್ರೇಕಿನ ಎರಡೇ ತಿಂಡಿಯಿಂದ ಶುರು ಮಾಡಿ. ಜಿಲ್ಲಾ ಕೇಂದ್ರದ ಕಡೆ ಹೋದಾಗ ಸಂಜೀವಿನಿ ಯೋಜನೆಯ ಸ್ವಸಹಾಯ ಸಂಘದ ಹೆಂಗಸರೇ ನಡೆಸೋ ಹೋಟೆಲು, ಅಕ್ಕ ಕೆಫೆ, ಇದ್ದರೆ ಒಂದು ದಿನ ಅಡುಗೆಮನೆಯಲ್ಲಿ ನಿಂತು ನೋಡಿ ಬನ್ನಿ, ಕೇಳಿದರೆ ಬೇಡ ಅನ್ನಲಿಕ್ಕಿಲ್ಲ.