ಕಾಡಿಗೆ ಹೋಗುವ ಮುಂಚೆ ನೀರು ಪರೀಕ್ಷೆ ಮಾಡಿಸಿ

ಪ್ರಶ್ನೆ: ಸಾರ್, ಪರಿಸರದ ಬಗ್ಗೆ ಇರುವ ವೈಜ್ಞಾನಿಕ ಕತೆಗಳೆಲ್ಲ ಯಂತ್ರ ಬಿಟ್ಟು ಕಾಡಿಗೆ ಮರಳಿ ಅಂತಲೇ ಹೇಳುತ್ತವಲ್ವಾ? – ಓದುಗರು, ಬಂಗಾರಪೇಟೆ

ಉತ್ತರ: ಈ ತಿಂಗಳು ಇದು ನಾಲ್ಕನೇ ಸಲ. ಹೇಳುವುದಿಲ್ಲ. ಹಾಗನ್ನುವವರು ಮುಖಪುಟ ನೋಡಿದ್ದಾರೆ, ಅಷ್ಟೇ.

ಅರ್ನೆಸ್ಟ್ ಕ್ಯಾಲೆನ್‌ಬಾಕ್ ಬರೆದ ‘ಇಕೊಟೋಪಿಯಾ’ (1975) ತಗೊಳ್ಳಿ. ಅಮೆರಿಕದ ಪಶ್ಚಿಮ ಕರಾವಳಿಯ ಉತ್ತರ ಭಾಗ ಬೇರೆ ದೇಶವಾಗಿದೆ. ಮರಕ್ಕೆ ಮರ್ಯಾದೆ ಜಾಸ್ತಿ. ಆದರೆ ಅಯಸ್ಕಾಂತದ ಬಲದಲ್ಲಿ ತೇಲುವ ರೈಲಿದೆ, ಮುಖ ನೋಡಿ ಮಾತಾಡುವ ಫೋನಿದೆ. ಕೆಲಸ ವಾರಕ್ಕೆ 20 ಗಂಟೆ. ಯಂತ್ರ ಇಲ್ಲದೆ ಅದು ಆಗುತ್ತಾ? ರಾಗಿ ಹೊಲದಲ್ಲಿ ಕಳೆ ತೆಗೆದವರನ್ನು ಕೇಳಿ.

ಉರ್ಸುಲಾ ಲೆ ಗ್ವಿನ್ ಅವರ ‘ಆಲ್ವೇಸ್ ಕಮಿಂಗ್ ಹೋಮ್’ (1985) ಇನ್ನೂ ಗಟ್ಟಿ. ಬಹಳ ಮುಂದಿನ ಕಾಲದ ಕ್ಯಾಲಿಫೋರ್ನಿಯಾ. ಕೆಶ್ ಎಂಬ ಜನ ಬೆಳೆ ಬೆಳೆದುಕೊಂಡು, ಹಾಡಿಕೊಂಡು ಇದ್ದಾರೆ. ಓದಿದವರಿಗೆ ಇಷ್ಟೇ ನೆನಪು. ಪಕ್ಕದಲ್ಲೇ ಕಂಪ್ಯೂಟರ್ ಜಾಲವೊಂದು ನಡೆಯುತ್ತಿದೆ, ಬೇಕಾದಾಗ ಹೋಗಿ ಕೇಳಬಹುದು. ಅದು ಮರೆತುಹೋಗುತ್ತೆ. ಹಿಂದಿನವರು ಬಿಟ್ಟುಹೋದ ವಿಷ ಮಣ್ಣಲ್ಲೇ ಇದೆ, ಎಷ್ಟೋ ಮಕ್ಕಳು ಕಾಯಿಲೆ ಹೊತ್ತೇ ಹುಟ್ಟುತ್ತವೆ. ಅದೂ ಮರೆತುಹೋಗುತ್ತೆ.

ನಿಮ್ಮ ಪಕ್ಕದ ಕೆಜಿಎಫ್ ನೋಡಿ. 2001ರಲ್ಲಿ ಗಣಿ ಮುಚ್ಚಿತು. ಯಂತ್ರ ನಿಂತಿತು, ಜನ ಬೆಂಗಳೂರಿನ ಕೆಲಸಕ್ಕೆ ರೈಲು ಹತ್ತಿದರು. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ಗುಡ್ಡ ರೈಲು ಹತ್ತಿತಾ? ಗಾಳಿ ಬೀಸಿದರೆ ಅದರ ದೂಳು ಈಗಲೂ ಮನೆಯೊಳಗೆ. ಇನ್ನು ಪ್ರಕೃತಿ ಕೊಟ್ಟಿದ್ದೆಲ್ಲ ಶುದ್ಧ ಅನ್ನುವವರು ನಮ್ಮ ಬೋರ್‌ವೆಲ್ ನೀರು ಕುಡಿಯಲಿ. ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಅದರ ಫ್ಲೋರೈಡ್ ಯಾವ ಕಾರ್ಖಾನೆಯದೂ ಅಲ್ಲ, ನಮ್ಮ ಬಂಡೆಯದೇ. ನಾಲಿಗೆಗೆ ಗೊತ್ತಾಗಲ್ಲ, ಪರೀಕ್ಷೆ ಮಾಡಿಸಬೇಕು.

ಹಿಂದಿನವರು ಕೆರೆ ಕಟ್ಟಿಕೊಂಡು ಸುಖವಾಗಿರಲಿಲ್ವಾ ಅಂತೀರಿ. ಸ್ವಾಮಿ, ಕೆರೆಯೂ ಯಂತ್ರವೇ. ತೂಬು ಬೇಕು, ಕೋಡಿ ಬೇಕು, ಹೂಳೆತ್ತುವವರು ಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡುವ ನೀರುಗಂಟಿ ಬೇಕು.

ನಂದಿ ಬೆಟ್ಟದ ಕಡೆ ಒಂದು ‘ಆದಿಮಾನವ’ ಶಿಬಿರಕ್ಕೆ ನಾನೂ ದುಡ್ಡು ಕೊಟ್ಟು ಹೋಗಿದ್ದೆ. ಅಡುಗೆ ಗ್ಯಾಸಿನದು, ನೀರು ಟ್ಯಾಂಕರಿನದು, ಮಡಕೆ ಮಾತ್ರ ಆದಿಮಾನವನದು. ಬುಗ್ಗೆ ನೀರಿಗೆ ಸಕ್ಕರೆ ಕಾಯಿಲೆ ಹೋಗುತ್ತೆ ಅಂದ ಅಲ್ಲಿನ ಗುರು. ದಯವಿಟ್ಟು ಅಂಥವರ ಮಾತು ಕೇಳಿ ಮಾತ್ರೆ ಬಿಡಬೇಡಿ.

ಪ್ರಶ್ನೆ: ‘ಅವತಾರ್’ ಸಿನಿಮಾ ನೋಡಿದರೆ ಸಾಕಾ? – ಚಿಂತಾಮಣಿ

ಉತ್ತರ: ಸಾಲದು.

ಪ್ರಶ್ನೆ: ಇದೆಲ್ಲ ನಮ್ಮ ಋಷಿಗಳ ಆಶ್ರಮದಲ್ಲಿ ಆಗಲೇ ಇತ್ತಲ್ವಾ? – ತಿಪಟೂರು

ಉತ್ತರ: ಅಲ್ಲಿ ಪಾತ್ರೆ ತೊಳೆಯುತ್ತಿದ್ದವರು ಯಾರು? ಮೊದಲು ಅದನ್ನು ಬರೆದು ಕಳಿಸಿ.

ಪ್ರಶ್ನೆ: ಯಾವ ಪುಸ್ತಕದಿಂದ ಶುರು ಮಾಡಲಿ? – ಶಿರಾ

ಉತ್ತರ: ಲೆ ಗ್ವಿನ್ ಅವರದೇ ‘ದಿ ಡಿಸ್‌ಪೊಸೆಸ್ಡ್’ (1974). ಒಣ ನೆಲದಲ್ಲಿ ಎಲ್ಲರೂ ಸಮ ಅಂತ ಬದುಕುತ್ತಾರೆ, ಮೇಲೆ ಬರ ಬೀಳುತ್ತದೆ. ಪಾವಗಡ, ಗುಡಿಬಂಡೆ ಕಡೆಯವರಿಗೆ ನಾನು ವಿವರಿಸಬೇಕಿಲ್ಲ.