ಬಂಗುಡೆಯ ಬಂಧು ಯಾರು: ಬೂತಾಯಿಯೋ, ಅಂಜಲೋ?

ಪ್ರಶ್ನೆ: ಒಂಬತ್ತನೇ ತರಗತಿಯ ಮಗಳ ಪ್ರಾಜೆಕ್ಟಿಗೆಂದು ಮಲ್ಪೆಯಿಂದ ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ, ಬೊಂಡಾಸ್ (ಸ್ಕ್ವಿಡ್), ಮರುವಾಯಿ (ಕಪ್ಪೆಚಿಪ್ಪು) ತಂದೆವು. ಇವನ್ನು ವರ್ಗೀಕರಿಸಿ ವೈಜ್ಞಾನಿಕ ಹೆಸರು ಬರೆಯಬೇಕು. ಬಂಗುಡೆ, ಬೂತಾಯಿಯನ್ನು ಒಂದು ಗುಂಪಿಗೆ ಹಾಕಿದ್ದು ತಪ್ಪು ಎಂದು ಟೀಚರ್ ಹೇಳಿದ್ದಾರೆ. ಯಾಕೆ? ಹೆಸರಿನ ಜೊತೆ ಬರುವ ವಿಜ್ಞಾನಿಯ ಹೆಸರಿಗೆ ಕೆಲವು ಕಡೆ ಆವರಣ ಚಿಹ್ನೆ ಇದೆ, ಕೆಲವು ಕಡೆ ಇಲ್ಲ. ಇದು ಮುದ್ರಣ ದೋಷವೇ?
– ಓದುಗರು, ಉಡುಪಿ

ಉತ್ತರ: ಟೀಚರ್ ಹೇಳಿದ್ದು ಸರಿ. ಬಂಗುಡೆಗೆ ಹತ್ತಿರದ ನೆಂಟ ಅಂಜಲ್. ಬೂತಾಯಿ ಬಹಳ ದೂರದ್ದು.

ಬಂಗುಡೆಯನ್ನು ಬಾಲದ ಕಡೆಯಿಂದ ನೋಡಿ. ಎರಡನೇ ಬೆನ್ನುರೆಕ್ಕೆ ಮುಗಿದ ಮೇಲೆ ಬಾಲದವರೆಗೆ ಬಿಡಿಬಿಡಿಯಾಗಿ ಪುಟ್ಟ ರೆಕ್ಕೆಗಳಿವೆ, ಸಾಮಾನ್ಯವಾಗಿ ಮೇಲೆ ಐದು, ಕೆಳಗೆ ಐದು. ಒದ್ದೆ ಮೀನಿನಲ್ಲಿ ಅವು ಮೈಗೆ ಅಂಟಿರುತ್ತವೆ, ಸೂಜಿಯ ತುದಿಯಿಂದ ಎಬ್ಬಿಸಿ ಎಣಿಸಬೇಕು. ಅಂಜಲಿನಲ್ಲೂ ಇವೆ, ಇನ್ನೂ ಹೆಚ್ಚು, ಎಂಟು-ಹತ್ತರಷ್ಟು. ಕೇದರಿನಲ್ಲೂ (ಟ್ಯೂನಾ) ಇವೆ. ಮೂರೂ ಸ್ಕಾಂಬ್ರಿಡೇ ಕುಟುಂಬದವು. ಬೂತಾಯಿಗೆ ಇರುವುದು ಒಂದೇ ಬೆನ್ನುರೆಕ್ಕೆ, ಅದರಲ್ಲಿ ಮುಳ್ಳಿಲ್ಲ, ಹಿಂದೆ ಕಿರುರೆಕ್ಕೆಯೂ ಇಲ್ಲ. ಹೊಟ್ಟೆಯ ಅಂಚನ್ನು ಬಾಲದಿಂದ ತಲೆಯತ್ತ ಬೆರಳಿನಿಂದ ಸವರಿದರೆ ಗರಗಸದ ಹಲ್ಲು ಸಣ್ಣಗೆ ತಾಗಿದಂತಾಗುತ್ತದೆ. ಆ ಗಡಸು ಹುರುಪೆ ಬಂಗುಡೆಗಿಲ್ಲ.

ಇನ್ನು ಮೋಸ ಹೋಗುವ ಜಾಗ. ಎರಡರ ಕಿವಿರು ಮುಚ್ಚಳವನ್ನೂ ಎತ್ತಿ ನೋಡಿದರೆ ಒಳಗೆ ಬಾಚಣಿಗೆಯಂಥ ಉದ್ದನೆಯ ಎಳೆಗಳು ಸಾಲಾಗಿ ಕಾಣುತ್ತವೆ. ಇದೇ ಪುರಾವೆ ಎಂದು ಎರಡನ್ನೂ ಮತ್ತೆ ಒಂದೇ ಗುಂಪಿಗೆ ಹಾಕಬೇಡಿ. ಎರಡೂ ನೀರು ಸೋಸಿ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ತಿನ್ನುವ ಮೀನುಗಳು, ಹಾಗಾಗಿ ಆ ಜರಡಿ ಎರಡಕ್ಕೂ ಬೇರೆ ಬೇರೆಯಾಗಿ ಬಂದಿದೆ. ಒಂದೇ ಕಸುಬಿನವರೆಲ್ಲ ಒಂದೇ ಮನೆಯವರಲ್ಲವಲ್ಲ! ವರ್ಗೀಕರಣದಲ್ಲಿ ಲೆಕ್ಕಕ್ಕೆ ಬರುವುದು ಒಂದೇ ಪೂರ್ವಜರಿಂದ ಇಳಿದು ಬಂದ ಹೋಲಿಕೆ ಮಾತ್ರ. ಗಾತ್ರ, ಬಣ್ಣ ಇವುಗಳಿಗೆ ಕೊನೆಯ ಸ್ಥಾನ. ಮಂಜುಗಡ್ಡೆಯಲ್ಲಿ ಒಂದು ದಿನ ಬಿದ್ದರೆ ಬಣ್ಣ ಹೇಗೂ ಮಾಸುತ್ತದೆ.

ಉಳಿದ ಮೂರು ಮೀನೇ ಅಲ್ಲ, ಬೆನ್ನೆಲುಬಿಲ್ಲ. ಸಿಗಡಿ ಸಂಧಿಪದಿ. ಹತ್ತು ಕಾಲಿನ ಗಣದಲ್ಲಿ ಡೆಂಜಿಯ (ಏಡಿ) ಜೊತೆಗಾರ. ಬೊಂಡಾಸ್ ಮತ್ತು ಮರುವಾಯಿ ನೋಡಲು ಎಷ್ಟೇ ಬೇರೆಯಾದರೂ ಒಂದೇ ವಂಶದ ಮೃದ್ವಂಗಿಗಳು. ಮರುವಾಯಿಗೆ ಚಿಪ್ಪು ಹೊರಗೆ, ಬೊಂಡಾಸಿಗೆ ಒಳಗೆ. ಶುಚಿ ಮಾಡುವಾಗ ಪ್ಲಾಸ್ಟಿಕ್ಕಿನಂಥ ಪಾರದರ್ಶಕ ಕಡ್ಡಿಯೊಂದನ್ನು ಎಳೆದು ಎಸೆಯುತ್ತೀರಲ್ಲ, ಅದೇ ಆ ಚಿಪ್ಪಿನ ಉಳಿಕೆ. ಎಸೆಯದೆ ತೊಳೆದು ಚಾರ್ಟಿಗೆ ಅಂಟಿಸಿ.

ಬಂಗುಡೆಯ ಮೆಟ್ಟಿಲುಗಳು ಹೀಗೆ: ಪ್ರಾಣಿ ಸಾಮ್ರಾಜ್ಯ, ಕಾರ್ಡೇಟಾ ವಂಶ, ಆಕ್ಟಿನಾಪ್ಟೆರಿಜೀ ವರ್ಗ, ಸ್ಕಾಂಬ್ರಿಫಾರ್ಮೀಸ್ ಗಣ, ಸ್ಕಾಂಬ್ರಿಡೇ ಕುಟುಂಬ, ರಾಸ್ಟ್ರೆಲ್ಲಿಗರ್ ಜಾತಿ, ಕನಗುರ್ತ ಪ್ರಭೇದ. ಹಳೆಯ ಪುಸ್ತಕಗಳಲ್ಲಿ ಗಣ ಪರ್ಸಿಫಾರ್ಮೀಸ್ ಎಂದಿರುತ್ತದೆ. ಡಿಎನ್‌ಎ ಹೋಲಿಸಿ ನೋಡಿದ ಮೇಲೆ ಆ ದೊಡ್ಡ ಗಣವನ್ನು ಒಡೆಯಬೇಕಾಯಿತು. ನಾವು ಮಾತಿನಲ್ಲಿ ‘ಮೀನಿನ ಜಾತಿ’ ಎನ್ನುವುದು ಪ್ರಭೇದವನ್ನು. ಪಠ್ಯಪುಸ್ತಕದ ‘ಜಾತಿ’ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ.

ಆವರಣ ಚಿಹ್ನೆ ಮುದ್ರಣ ದೋಷವಲ್ಲ. ಪ್ಯಾಟ್ರಿಕ್ ರಸೆಲ್ ಎಂಬವರು ವಿಶಾಖಪಟ್ಟಣದ ಮೀನುಗಳ ಬಗ್ಗೆ 1803ರಲ್ಲಿ ಪ್ರಕಟಿಸಿದ ಚಿತ್ರ-ವಿವರಣೆಗಳಲ್ಲಿ ಅಲ್ಲಿನ ಸ್ಥಳೀಯ ಹೆಸರು ‘ಕನಗುರ್ತ’ ಇತ್ತು. ಫ್ರೆಂಚ್ ಪ್ರಾಣಿವಿಜ್ಞಾನಿ ಕುವಿಯೇ 1816ರಲ್ಲಿ ಅದನ್ನೇ ಎತ್ತಿಕೊಂಡು ಮೀನನ್ನು ಸ್ಕಾಂಬರ್ ಜಾತಿಗೆ ಸೇರಿಸಿದರು. ರಾಸ್ಟ್ರೆಲ್ಲಿಗರ್ ಎಂಬ ಜಾತಿ ಹುಟ್ಟಿದ್ದು 1908ರಲ್ಲಿ. ಲ್ಯಾಟಿನ್ ಮೂಲದ ಆ ಪದಕ್ಕೆ ‘ಹಲ್ಲುಕುಂಟೆ ಹೊತ್ತದ್ದು’ ಎಂಬ ಅರ್ಥ, ಮೇಲೆ ಹೇಳಿದ ಕಿವಿರಿನ ಎಳೆಗಳಿಂದ ಬಂದದ್ದು. ಪ್ರಭೇದ ಮೊದಲಿನ ಜಾತಿಯಿಂದ ಬೇರೆ ಜಾತಿಗೆ ಹೋದರೆ ಹೆಸರಿಟ್ಟವರನ್ನು ಆವರಣದೊಳಗೆ ಬರೆಯಬೇಕು: ರಾಸ್ಟ್ರೆಲ್ಲಿಗರ್ ಕನಗುರ್ತ (ಕುವಿಯೇ, 1816). ಬೂತಾಯಿ 1847ರಲ್ಲಿ ಹೆಸರು ಪಡೆದಾಗಲೇ ಸಾರ್ಡಿನೆಲ್ಲಾದಲ್ಲಿತ್ತು, ಈಗಲೂ ಅಲ್ಲೇ ಇದೆ. ಹಾಗಾಗಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ವಾಲೆನ್ಸಿಯೆನ್, 1847 ಎಂದು ಆವರಣವಿಲ್ಲದೆ.

ಬರೆಯುವಾಗ ಲ್ಯಾಟಿನ್ ಲಿಪಿಯಲ್ಲಿ ಜಾತಿಯ ಮೊದಲಕ್ಷರ ದೊಡ್ಡದು, ಪ್ರಭೇದದ್ದು ಸಣ್ಣದು. ಕೈಬರಹವಾದರೆ ಎರಡೂ ಪದಕ್ಕೆ ಬೇರೆ ಬೇರೆ ಅಡಿಗೆರೆ. ವಿಜ್ಞಾನಿಯ ಹೆಸರಿಗೆ ಅಡಿಗೆರೆ ಬೇಡ.

ಉದ್ದ ಅಳೆಯುವುದಾದರೆ ಮೂತಿಯ ತುದಿಯಿಂದ ಬಾಲದ ರೆಕ್ಕೆಯ ಬುಡದವರೆಗೆ ಅಳೆಯಿರಿ. ಬಲೆಗೆ ಸಿಕ್ಕ ಮೀನಿನ ಬಾಲದ ತುದಿ ಹೆಚ್ಚಾಗಿ ಹರಿದಿರುತ್ತದೆ. ಮನೆಯಲ್ಲಿ ಫಾರ್ಮಾಲಿನ್ ಬಳಸಬೇಡಿ, ಮಂಜುಗಡ್ಡೆ ಸಾಕು.

ಕೊನೆಗೆ ಅಂಜಲಿನ ತೊಡಕು. ನಮ್ಮಲ್ಲಿ ಆ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದ ಮಾರಾಟವಾಗುತ್ತದೆ. ಮೈಯ ಪಕ್ಕದಲ್ಲಿ ಓಡುವ ಪಾರ್ಶ್ವರೇಖೆ ಎರಡನೇ ಬೆನ್ನುರೆಕ್ಕೆ ಮುಗಿಯುವಲ್ಲಿ ಥಟ್ಟನೆ ಕೆಳಗೆ ಬಾಗಿದ್ದರೆ ಅದು ಸ್ಕಾಂಬರೋಮೋರಸ್ ಕಾಮರ್ಸನ್. ದೊಡ್ಡ ಮೀನಿನಲ್ಲಿ ಅಡ್ಡಪಟ್ಟಿಗಳೂ ಕಾಣುತ್ತವೆ. ರೇಖೆ ನಿಧಾನವಾಗಿ ಇಳಿದು, ಮುಂಭಾಗದಲ್ಲಿ ಸಣ್ಣ ಸಣ್ಣ ಕವಲು ಒಡೆದಿದ್ದು, ಮೈಮೇಲೆ ಚುಕ್ಕೆ ಸಾಲುಗಳಿದ್ದರೆ ಗುಟ್ಟಾಟಸ್. ಕಾಮರ್ಸನ್ ಮರಿಗಳಲ್ಲಿ ಪಟ್ಟಿ ಸ್ಪಷ್ಟವಿರುವುದಿಲ್ಲ, ಆದ್ದರಿಂದ ರೇಖೆಯನ್ನೇ ನಂಬಿ. ಅಂಗಡಿಯಲ್ಲೇ ತುಂಡು ಮಾಡಿಸಿ ತಂದಿದ್ದರೆ ಈ ಗುರುತು ಸಿಗದು. ಆಗ ಸ್ಕಾಂಬರೋಮೋರಸ್ ಎಂದು ಬರೆದು ಮುಂದೆ ಅಡಿಗೆರೆಯಿಲ್ಲದ ‘ಎಸ್‌ಪಿ.’ (ಪ್ರಭೇದ ಯಾವುದೆಂದು ಗೊತ್ತಾಗಿಲ್ಲ ಎಂಬುದರ ಸಂಕೇತ) ಹಾಕಿ ನಿಲ್ಲಿಸಿ.