ತೊಗಲುಗೊಂಬೆಯ ಹಿಂದೆ ದೀಪ ಇಡಬಹುದೆ?

ಪ್ರಶ್ನೆ: ನಾನು ಜಾನಪದ ವಿಭಾಗದಲ್ಲಿ ಪಾಠ ಮಾಡುತ್ತೇನೆ. 1968ರಿಂದ ಇರುವ, ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ ನೋಡಿ ಬಂದ ಮೇಲೆ, ನಮ್ಮ ವಿಶ್ವವಿದ್ಯಾನಿಲಯದ ಮ್ಯೂಸಿಯಂನಲ್ಲೂ ತೊಗಲುಗೊಂಬೆಗಳ ಪ್ರದರ್ಶನ, ಜೊತೆಗೊಂದು ಆಟ ಇಡಿಸುವ ಮನಸ್ಸಾಗಿದೆ. ಮೂರು ತಿಂಗಳು ಸಾಕೆ? ಗೊಂಬೆಗಳ ಹಿಂದೆ ದೀಪ ಇಡಬಹುದೆ?
— ಒಬ್ಬ ಉಪನ್ಯಾಸಕಿ

ಉತ್ತರ: ಮೂರು ತಿಂಗಳು ಸಾಲದು. ಹತ್ತು ಹನ್ನೆರಡು ಗೊಂಬೆಗಳಿಗೇ ಎಂಟು ತಿಂಗಳು ಹಿಡಿಯುತ್ತದೆ. ಕ್ಯುರೇಟರ್ (ಮ್ಯೂಸಿಯಂ ಸಂಗ್ರಹ ನೋಡಿಕೊಳ್ಳುವವರು) ಹತ್ತಿರ ಗೊಂಬೆಗಳ ಸಿದ್ಧಪಟ್ಟಿ ಒಯ್ಯಬೇಡಿ. ಏನು ಹೇಳಹೊರಟಿದ್ದೀರಿ, ಯಾರಿಗೆ, ಹಣ ಎಲ್ಲಿಂದ ಎಂಬುದನ್ನು ಒಂದೇ ಪುಟದಲ್ಲಿ ಬರೆದುಕೊಂಡು ಹೋಗಿ. ಆಮೇಲೆ ಇಬ್ಬರೂ ಉಗ್ರಾಣದಲ್ಲಿ ಕೂತು ಒಂದೊಂದೇ ಗೊಂಬೆಯನ್ನು ನೋಡಿ, ದಾಖಲೆ ಸಂಖ್ಯೆಯ ಮುಂದೆ ಬಿರುಕು, ತೂತು, ಉದುರುತ್ತಿರುವ ಬಣ್ಣ ಬರೆದು, ಎರಡೂ ಬದಿಯ ಫೋಟೊ ತೆಗೆಯಿರಿ. ಪಟ್ಟಿ ಅರ್ಧಕ್ಕಿಳಿದರೆ ಬೇಸರ ಬೇಡ, ಅದು ಮಾಮೂಲು.

ದೀಪ ಇಡಬಹುದು, ಆದರೆ ಹಳೆಯ ಕಾಲದ ತಂತಿ ಬಲ್ಬು ಖಂಡಿತ ಬೇಡ. ಅದರ ಕಾವಿಗೆ ತೊಗಲು ಒಣಗಿ ಸೆಟೆದು ಸುರುಳಿಯಾಗುತ್ತದೆ. ಬಿಡಿಸಹೋದರೆ ಉಳಿಯಿಂದ ಕೊರೆದ ತೂತುಗಳ ಸಾಲಿನಲ್ಲೇ ಹರಿಯುತ್ತದೆ. ಹಾಲುಬಿಳುಪಿನ ಅಕ್ರಿಲಿಕ್ ಹಾಳೆಯ ಹಿಂದೆ, ಒಂದಿಷ್ಟು ದೂರದಲ್ಲಿ ಎಲ್‌ಇಡಿ ಕೂರಿಸಿ, ಅದರ ಡ್ರೈವರ್ (ಎಲ್‌ಇಡಿಗೆ ವಿದ್ಯುತ್ ಹದಗೊಳಿಸಿ ಕೊಡುವ ಸಾಧನ) ಪ್ರದರ್ಶನ ಪೆಟ್ಟಿಗೆಯ ಹೊರಗಿರಲಿ. ಗೊಂಬೆಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರಬಾರದು. ಇಲ್ಲೇ ಹೆಚ್ಚಿನವರು ಎಡವುವುದು: ಲಕ್ಸ್ ಅಳೆಯುವ ಮೀಟರನ್ನು ನೋಡುಗರು ನಿಲ್ಲುವ ಬದಿಯಲ್ಲಿ ಹಿಡಿಯುತ್ತಾರೆ, ತೊಗಲು ಬೆಳಕನ್ನು ತಡೆಯುವುದರಿಂದ ಅಂಕಿ ಕಡಿಮೆ ಬರುತ್ತದೆ. ಗೊಂಬೆ ಇಡುವ ಮೊದಲೇ ಅದರ ಜಾಗದಲ್ಲಿ ಮೀಟರನ್ನು ದೀಪಕ್ಕೆ ಮುಖಮಾಡಿ ಅಳೆಯಿರಿ. 50 ಲಕ್ಸ್‌ನಲ್ಲೂ ದಿನಕ್ಕೆ 8 ಗಂಟೆಯಂತೆ 90 ದಿನಕ್ಕೆ ಗೊಂಬೆಯ ಮೇಲೆ ಬೀಳುವ ಒಟ್ಟು ಬೆಳಕು 36,000 ಲಕ್ಸ್-ಗಂಟೆ ಆಗುತ್ತದೆ. ಜನ ನಿಂತಾಗ ಮಾತ್ರ ಹೊತ್ತುವ ಸೆನ್ಸರ್ ಹಾಕಿಸಿದರೆ ಇದು ಎಷ್ಟೋ ಇಳಿಯುತ್ತದೆ. ಹಗಲೆಲ್ಲ ಎಸಿ ಓಡಿಸಿ ಸಂಜೆ ಆಫ್ ಮಾಡುವುದು ಎಸಿ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ತೇವಾಂಶ ಏರಿಳಿದಂತೆ ತೊಗಲೂ ಹಿಗ್ಗಿ ಕುಗ್ಗಿ, ಬಣ್ಣ ಹೊಪ್ಪಳಿಕೆ ಏಳುತ್ತದೆ.

ವಿವರಫಲಕ 60 ಪದ ದಾಟದಿರಲಿ. ಮೇಷ್ಟ್ರುಗಳು 300 ಬರೆದು ತರುವುದು ವಾಡಿಕೆ. ಉಳಿದದ್ದು ಕಿರುಹೊತ್ತಗೆಗೆ ಹೋಗಲಿ.

ಆಟಕ್ಕೆ ಮ್ಯೂಸಿಯಂ ಗೊಂಬೆ ಮುಟ್ಟುವಂತಿಲ್ಲ, ಮೇಳದವರು ತಮ್ಮವನ್ನೇ ತರಲಿ. ಫಲಕ ಅಚ್ಚಿಗೆ ಹೋಗುವ ಮುಂಚೆ ಅವರನ್ನು ಒಮ್ಮೆ ಉಗ್ರಾಣಕ್ಕೆ ಕರೆಸಿ. ರಿಜಿಸ್ಟರಿನಲ್ಲಿ ‘ರಾಮ’ ಎಂದಿರುವುದನ್ನು ಅವರು ಲಕ್ಷ್ಮಣ ಎಂದು ಗುರುತಿಸಿದರೆ ಎರಡನ್ನೂ ದಾಖಲಿಸಿ. ಆ ದಿನಕ್ಕೂ ಸಂಭಾವನೆ, ಬಸ್ ಚಾರ್ಜು ಕೊಡಬೇಕು. ಹಣಕಾಸು ವಿಭಾಗದ ಮಂಜೂರಾತಿ ಕೈಗೆ ಬಂದ ಮೇಲೆಯೇ ಅವರಿಗೆ ದಿನಾಂಕ ಹೇಳಿ.